ಅಂತೆಕಂತೆ

ಪೌಕರ್ತಂಬೊ ದಾಟಿ ಮೇಲಕ್ಕೆ, ಮರಗಳು ಬೆಳೆಯಲೊಲ್ಲದ ಎತ್ತರದಲ್ಲಿ
ನನ್ನದೊಂದು ತಗಡಿನ ಶಾಲೆ. ಹದಿನೇಳು ಮಕ್ಕಳು.
ಮನೆಯಲ್ಲಿ ಕೆಚುವಾ, ನನ್ನೆದುರು ಸ್ಪ್ಯಾನಿಷ್,
ಬಯಲಲ್ಲಿ ಎರಡೂ, ಚೆಂಡು ಯಾರ ಕಾಲಲ್ಲಿದೆಯೋ ನೋಡಿಕೊಂಡು.

ಮೊದಲ ವರ್ಷ ತಿದ್ದಿದ್ದೇ ತಿದ್ದಿದ್ದು.
ವಾಕ್ಯ ಮುಗಿದರೂ ಮುಗಿಯದು ಈ ಮಕ್ಕಳದು,
ಕೊನೆಗೊಂದು ‘ದೀಸೆ’ ಅಂಟಿಕೊಂಡೇ ಬರಬೇಕು.
ನರಿ ಮರಿ ಹೊತ್ತೊಯ್ದಿತು, ದೀಸೆ.
ಇವತ್ತು ರಾತ್ರಿ ಆಲೂಗಡ್ಡೆ ಹೆಪ್ಪುಗಟ್ಟುತ್ತದೆ, ದೀಸೆ.
‘ಅನ್ನುತ್ತಾನೆ’ ಅಂದರೆ ಅನ್ನುವವನು ಯಾರು? ಕರ್ತೃ ಎಲ್ಲಿ?
ಅರೆಕಿಪಾದಲ್ಲಿ ಕಲಿತ ವ್ಯಾಕರಣ ನನ್ನದು.
ಅಂತೆಕಂತೆ ಬೇಡ ಎಂದು
ಕೆಂಪು ಪೆನ್ನಿನಿಂದ ಬಾಲ ಕತ್ತರಿಸಿದೆ.

ನಿಲ್ಡಾ ‘ನನ್ನ ಅಮ್ಮ’ ಬರೆದಾಗ
ಒಂದು ಪುಟಕ್ಕೆ ಹನ್ನೆರಡು ದೀಸೆ.
ಹನ್ನೆರಡನ್ನೂ ಹೊಡೆದು ಹಾಕಿ ಶುದ್ಧಪ್ರತಿ ಮಾಡಿಸಿದೆ.
ಅಮ್ಮ ದಪ್ಪಗಿದ್ದಾಳೆ. ಅಮ್ಮನಿಗೆ ಬಂಗಾರದ ಹಲ್ಲು.
ನಲವತ್ತು ಜನರ ಸಾರಿನ ಹಂಡೆಯನ್ನು ಅಮ್ಮ ಒಬ್ಬಳೇ ಇಳಿಸುತ್ತಾಳೆ.
ಅಂದವಾದ ಅಕ್ಷರ. ಇಪ್ಪತ್ತಕ್ಕೆ ಹದಿನೆಂಟು ಕೊಟ್ಟೆ.

ಆಮೇಲೆ ಅವಳ ಅಜ್ಜಿ ಸಾತುಕಾ
ತಕಲಿ ತಿರುಗಿಸುತ್ತಲೇ ಹೇಳಿದಳು:
ಮಗು ಹತ್ತು ತಿಂಗಳದಿದ್ದಾಗ ತಾಯಿ ಇಳಿದು ಹೋದದ್ದು
ಕೆಳಗಿನ ಕಾಡಿಗೆ, ಚಿನ್ನ ತೊಳೆಯುವವರಿಗೆ ಬೇಯಿಸಿ ಹಾಕಲು.
ಅಲ್ಲಿಂದೀಚೆ ಲಾರಿಯವರು ತಂದ ಸುದ್ದಿಯೇ ತಾಯಿ.
ಕೆಚುವಾದಲ್ಲಿ ಕಂಡದ್ದಕ್ಕೆ ‘ಮಿ’, ಕೇಳಿದ್ದಕ್ಕೆ ‘ಸಿ’,
ಬಟಾಣಿಯಷ್ಟು ಮಾತು, ನಾಲಗೆಯಡಿ ಸಿಕ್ಕಿದರೂ ಗೊತ್ತಾಗದು.
ಮೂರು ವರ್ಷದವರೆಗೆ ಹುಡುಗಿಗೆ ಎಲ್ಲವೂ ‘ಮಿ’.
ಮಳೆ ಬಂತು, ಕಂಡೆ. ಅಮ್ಮ ನಕ್ಕಳು, ಕಂಡೆ.
ಸಾತುಕಾ ತಿದ್ದಲಿಲ್ಲ. ತಿದ್ದುವುದು ಅವಳಿಗೆ ಗೊತ್ತಿರಲಿಲ್ಲವೋ,
ಮನಸ್ಸಿರಲಿಲ್ಲವೋ.
ನಾಲ್ಕಕ್ಕೆ ಬಿದ್ದ ಮೇಲೆ ಒಂದು ಬೆಳಗ್ಗೆ
ಒಲೆಗೆ ಸಗಣಿ ಬೆರಣಿ ಒಡ್ಡುತ್ತ ಕೂಸು ಅಂದಿತು,
‘ಅಮ್ಮ ಜೋರಾಗಿ ನಗುತ್ತಾಳಂತೆ.’
ತಕಲಿ ನೆಲಕ್ಕೆ ಬಿತ್ತು, ನೂಲು ಕಡಿಯಿತು, ಅಂದಳು ಸಾತುಕಾ.
ಯಾರೂ ಹೇಳಿಕೊಟ್ಟದ್ದಲ್ಲ.
ಅಮ್ಮನನ್ನು ನೋಡಿಯೇ ಇಲ್ಲವೆಂದು
ಹುಡುಗಿಗೆ ತಿಳಿದದ್ದು ಒಂದು ಪ್ರತ್ಯಯದಲ್ಲಿ.

ಹಾಗಾದರೆ ನಾನು ಕತ್ತರಿಸಿದ್ದು ಏನನ್ನು?
ಕೇಳಿದ್ದನ್ನು ಕಂಡೆ ಅನ್ನಿಸಿ
ಎಂಟು ವರ್ಷದವಳ ಕೈಯಲ್ಲಿ ಸುಳ್ಳುಸಾಕ್ಷಿ ಹೇಳಿಸಿದ್ದೆ,
ಅದಕ್ಕೆ ಹದಿನೆಂಟು ಅಂಕ ಬೇರೆ.

ಆಸ್ಪತ್ರೆಯಲ್ಲಿ ಇನ್ನೊಂದು.
ನನ್ನ ಹಲ್ಲುನೋವಿಗೆ ಬೆಂಚಿನಲ್ಲಿ ಕಾಯುತ್ತಿದ್ದೆ.
ಸಾತುಕಾಳ ಕೆಮ್ಮಿಗೆ ನಿಲ್ಡಾ ದುಭಾಷಿ.
ನರ್ಸ್ ಕೇಳಿದಳು, ಹುಟ್ಟಿದ ದಿನ?
ಅಜ್ಜಿ ಏನೋ ಅಂದಳು. ನಿಲ್ಡಾ ಸ್ಪ್ಯಾನಿಷಿನಲ್ಲಿ,
‘ಆಲೂಗಡ್ಡೆ ಕೀಳುವ ತಿಂಗಳಲ್ಲಿ ಹುಟ್ಟಿದಳು, ದೀಸೆ.’
‘ದೀಸೆ? ತನ್ನ ಹುಟ್ಟು ತನಗೇ ಗೊತ್ತಿಲ್ಲವೇ?’
‘ಗೊತ್ತಿರುವುದು ಹೇಗೆ ಸೆನ್ಯೋರಿತಾ,
ಅಜ್ಜಿ ಆಗ ನೋಡುತ್ತಿರಲಿಲ್ಲ. ನಿಮ್ಮದನ್ನು ನೀವು ನೋಡಿದ್ದೀರಾ?’
ನರ್ಸ್ ಜನವರಿ ಒಂದು ಎಂದು ಬರೆದುಕೊಂಡಳು.
ನನಗೆ ನಗಬೇಕೆನಿಸಿತು, ಹಲ್ಲು ಬಿಡಲಿಲ್ಲ.

ಮೊನ್ನೆ ಲಾರಿಯಿಂದ ಒಬ್ಬಳು ಇಳಿದಳು.
ಕೈಯಲ್ಲಿ ಪ್ಲಾಸ್ಟಿಕ್ ಬೋಗುಣಿ, ಅದರಲ್ಲಿ ಬಾಳೆಹಣ್ಣು.
ಬೆಟ್ಟದ ಚಳಿಗೆ ಹೊಂದದ ತೆಳ್ಳನೆಯ ಅಂಗಿ.
ಶಾಲೆಯ ಗೇಟಿನಲ್ಲಿ ನಿಂತಳು, ಒಳಗೆ ಬರಲಿಲ್ಲ.
ನಿಲ್ಡಾ ಎದ್ದಳು, ಬಾಗಿಲವರೆಗೆ ಹೋದಳು,
ಬಹಳ ಹೊತ್ತು ನೋಡಿದಳು.
ತಿರುಗಿ ನನಗೆ ಹೇಳಿದಳು, ನನ್ನ ಭಾಷೆಯಲ್ಲಿ, ತನ್ನ ಲೆಕ್ಕದಲ್ಲಿ:
‘ಪ್ರೊಫೆ, ನನ್ನಮ್ಮ ಪುಟ್ಟವಳಾಗಿದ್ದಳು.’

ಪುಸ್ತಕದ ಪ್ರಕಾರ ಅದು ಪೂರ್ಣಭೂತ,
ಮುಗಿದುಹೋದವರ ಬಗ್ಗೆ ಆಡುವ ಮಾತು.
ಈ ಬೆಟ್ಟದವರು ಅದನ್ನು ಎತ್ತಿಟ್ಟುಕೊಂಡಿರುವುದು
ಈಗತಾನೇ ಕಣ್ಣಿಗೆ ಬಿದ್ದು ಎದೆ ಧಸಕ್ಕೆಂದದ್ದಕ್ಕೆ.
ದೀಸೆ ಇರಲಿಲ್ಲ.
ಹೌದಲ್ಲ, ಅಂದೆ. ನಾಲ್ಕೂಮುಕ್ಕಾಲು ಅಡಿ ಇದ್ದರೆ ಹೆಚ್ಚು.